ನಿನ್ನ ಹೆಸರೇ ಕೊಟ್ಟೆ

ಟೌನ್ಸ್‌ವಿಲ್
ಆಗಸ್ಟ್ ೧೨, ಭಾನುವಾರ

ಪ್ರಿಯ ಡೆಸ್,

ಹೇಗಿದ್ದೀಯ ಮಾರಾಯ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಸೈನ್ಯ ಬಿಟ್ಟ ಮೇಲೆ ನನಗೆ ಪುರುಸೊತ್ತೇ ಪುರುಸೊತ್ತು, ಆದರೂ ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ. ಡಾರ್ವಿನ್ನಿನ ಬ್ಯಾರಕ್ಕಿನಲ್ಲಿ ನೀನು ಹೊಸ ಹುಡುಗರ ಪ್ರಾಣ ಹಿಂಡುತ್ತಿದ್ದೀಯಂತೆ, ಸಂತೋಷ.

ನಿನ್ನ ಧರ್ಮಪುತ್ರಿ, ನಮ್ಮ ಟೆಸ್‌ಗೆ ಮುಂದಿನ ಹಲ್ಲು ಎರಡೂ ಬಿದ್ದಿವೆ. ನೀನು ಕಳಿಸಿದ ಟೋಪಿ ಹಾಕಿಕೊಂಡೇ ಮಲಗುತ್ತಾಳೆ. ಅವಳಮ್ಮ ಲೋರ್ನಾ ಆಸ್ಪತ್ರೆಯ ಲಾಂಡ್ರಿಯಲ್ಲಿ ಎರಡು ಪಾಳಿ ದುಡಿಯುತ್ತಿದ್ದಾಳೆ. ನಾನು ಬೆಳಗ್ಗೆ ಎದ್ದು ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು, ಬೂಟು ಪಾಲಿಶ್ ಮಾಡಿ, ಆಮೇಲೆ ಎಲ್ಲಿಗೆ ಹೋಗುವುದೆಂದು ಯೋಚಿಸುತ್ತೇನೆ. ಯಾರ ಮುಂದೆ ಕವಾಯತು ಅಂತ ಅವಳು ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ.

ಕೆಲಸ ಇನ್ನೂ ಸಿಕ್ಕಿಲ್ಲ. ಇಲ್ಲಿ ಕೆಲಸ ಕೊಡುವ ಮುಂಚೆ, ನಮ್ಮ ಜೊತೆ ದುಡಿದವರಿಗೆ ಫೋನ್ ಮಾಡಿ ವಿಚಾರಿಸುತ್ತಾರಲ್ಲ, ಪ್ರತಿ ಸಲವೂ ನಿನ್ನ ಹೆಸರೇ ಕೊಟ್ಟೆ. ಗಣಿಯ ಲಾರಿ, ಹಾಲಿನ ವ್ಯಾನು, ಶಾಲೆಯ ಬಸ್ಸು, ಎಲ್ಲ ಕಡೆಯೂ ಕೈ ಕುಲುಕಿ ಕಳಿಸಿದವರು ನಿನ್ನ ಜೊತೆ ಮಾತಾಡಿದ ಮೇಲೆ ತಣ್ಣಗಾದರು. ನೀನು ಮಾತ್ರ ಪ್ರತಿ ಸಲ ಫೋನಿನಲ್ಲಿ, "ನಿನ್ನನ್ನ ಆಕಾಶಕ್ಕೆ ಏರಿಸಿದೀನಿ ಕಣೋ, ಬಿಯರ್ ತಂದಿಡು" ಅನ್ನುತ್ತಿದ್ದೆ. ನಾನೊಬ್ಬ ಪೆದ್ದ, ತಂದೂ ಇಟ್ಟಿದ್ದೆ.

ಕಳೆದ ವಾರ ಆ ಶಾಲೆಯ ಬಸ್ ಡಿಪೋ ನೋಡಿಕೊಳ್ಳುವ ಮಾರ್ಜ್ ನನ್ನನ್ನು ಹೊರಗೆ ಕರೆದಳು. ನಮ್ಮಮ್ಮನ ವಯಸ್ಸಿನ ಹೆಂಗಸು. "ನಿನ್ನ ಮುಖ ನೋಡಿ ಸುಮ್ನಿರೋಕೆ ಆಗ್ತಿಲ್ಲಪ್ಪ. ಇನ್ಮೇಲೆ ಬೇರೆ ಯಾರದಾದ್ರೂ ಹೆಸರು ಕೊಡು," ಅಂದಳು. ಬಲವಂತ ಮಾಡಿದ ಮೇಲೆ ಉಳಿದದ್ದನ್ನೂ ಹೇಳಿದಳು.

ಇರಲಿ. ಕ್ರಿಸ್‌ಮಸ್‌ಗೆ ಬರುತ್ತೇನೆಂದು ಬರೆದಿದ್ದೀಯ. ಟೆಸ್ ಕಾಯುತ್ತಿದ್ದಾಳೆ, ಅವಳಿಗಾಗಿ ಬಾ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ವೇಡ್

ಬರೆಯದೆ ಬಿಟ್ಟದ್ದು: ಸೈನ್ಯದಲ್ಲಿದ್ದಾಗ ಆ ದಿನ ನಾನು ನಡುರಸ್ತೆಯಲ್ಲಿ ಲಾರಿ ನಿಲ್ಲಿಸಿ, ಸ್ಟಿಯರಿಂಗ್ ಬಿಡಲಾರದೆ ಮಗುವಿನ ಹಾಗೆ ಅತ್ತದ್ದು ಪಕ್ಕದಲ್ಲಿ ಕೂತಿದ್ದ ನಿನಗೊಬ್ಬನಿಗೇ ಗೊತ್ತಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಇದು ಈ ಲಾರಿ ಬಿಟ್ಟು ಹೊರಗೆ ಹೋಗಲ್ಲ" ಅಂದವನೂ ನೀನೇ. ಲೋರ್ನಾಗೆ ಕೂಡ ಹೇಳಿಕೊಳ್ಳದ ಮಾತನ್ನು ನಾನು ಮಾರ್ಜ್ ಬಾಯಲ್ಲಿ ಕೇಳಿದೆ. ಮಕ್ಕಳ ಬಸ್ಸನ್ನು ನನ್ನ ಕೈಗೆ ಕೊಡಬಾರದೆಂದು ನಿನಗೆ ಅನ್ನಿಸಿದ್ದು ಸರಿಯೇ ಇರಬಹುದು. ಅದನ್ನು ನನಗೇ ಹೇಳಬಹುದಿತ್ತಲ್ಲ, ಡೆಸ್. ಈ ಗುರುವಾರ, ದ್ವೀಪಕ್ಕೆ ಜನರನ್ನು ದಾಟಿಸುವ ಫೆರಿ ದೋಣಿಯವರು ನಿನಗೆ ಫೋನ್ ಮಾಡುತ್ತಾರೆ. ಬೇರೆ ಯಾರ ಹೆಸರು ಕೊಡಲಿ? ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತವನು ನೀನೊಬ್ಬನೇ. ಅಲ್ಲಿ ಸ್ಟಿಯರಿಂಗ್ ಇಲ್ಲ, ದಡದಲ್ಲಿ ನಿಂತು ಹಗ್ಗ ಕಟ್ಟುವುದಷ್ಟೇ ಕೆಲಸ.