ಪುಟ್ಟಿಯ ಕಿವಿಯಲ್ಲಿ ಹೇಳಿದ ತಿರುವುಗಳು

ಪ್ರೀತಿಯ ಅಕ್ಕನಿಗೆ,

ರಾತ್ರಿ ಎರಡು ಗಂಟೆಗೆ ಪುಟ್ಟಿಯ ಅಳು ನನ್ನನ್ನು ಎಬ್ಬಿಸಿತು. ಲಾಲಿ ಹಾಡಿದೆ, ಹೆಗಲ ಮೇಲೆ ಹಾಕಿಕೊಂಡು ಮನೆಯೆಲ್ಲ ಸುತ್ತಿದೆ. ಜಪ್ಪಯ್ಯ ಅಂದರೂ ಸುಮ್ಮನಾಗಲಿಲ್ಲ. ಕೊನೆಗೆ ದಿಕ್ಕು ತೋಚದೆ, ಕಾರ್ ರ‍್ಯಾಲಿಯಲ್ಲಿ ನಿನ್ನ ಪಕ್ಕ ಕೂತು ಕೂಗುತ್ತಿದ್ದ ತಿರುವುಗಳನ್ನೇ ಅವಳ ಕಿವಿಯಲ್ಲಿ ಹೇಳತೊಡಗಿದೆ: "ಬಲಕ್ಕೆ ಸಣ್ಣ ತಿರುವು, ನೂರು ಮೀಟರ್ ನೇರ, ದಿಬ್ಬ, ಎಡಕ್ಕೆ ಗಕ್ಕನೆ." ದಿಬ್ಬ ಇಳಿಯುವಷ್ಟರಲ್ಲಿ ಅವಳಿಗೆ ನಿದ್ದೆ. ಬಾಗಿಲಲ್ಲಿ ನಿಂತಿದ್ದ ಇವರು, "ಅವಳೇನೋ ಮಲಗಿದಳು, ನಿನ್ನ ಕಾಲು ಇನ್ನೂ ಬ್ರೇಕ್ ಒತ್ತುತ್ತಾನೇ ಇದೆಯಲ್ಲೇ" ಎಂದು ನಕ್ಕರು.

ಬೆಳಗಿನ ರ‍್ಯಾಲಿಗೆ ಬರಲಾರೆ ಎಂದವಳು ನಾನೇ. ಹೆರಿಗೆಯಾದ ಮೇಲೆ ಎಲ್ಲ ಮರೆತಿದ್ದೇನೆ, ನಿನ್ನನ್ನು ಹಳ್ಳಕ್ಕೆ ಬೀಳಿಸುತ್ತೇನೆ ಎಂಬ ಭಯವಿತ್ತು. ಒಂದು ತಿರುವೂ ಮರೆತಿಲ್ಲ ಅಕ್ಕಾ, ನಾನು ಬರುತ್ತೇನೆ. ಪುಟ್ಟಿಯನ್ನು ಇವರು ನೋಡಿಕೊಳ್ಳುತ್ತಾರೆ, ಹಾಲು ತೆಗೆದಿಟ್ಟಿದ್ದೇನೆ. ನನ್ನ ಹೆಲ್ಮೆಟ್ಟಿನ ಪಟ್ಟಿ ಮಾತ್ರ ಸ್ವಲ್ಪ ಸಡಿಲ ಮಾಡಿಡು, ಕೆನ್ನೆ ತುಂಬಿಕೊಂಡಿದೆ.

ರಿಪೇರಿಗೆಂದು ಕಾರಿನ ಕೆಳಗೆ ಮಲಗಿದರೆ ನೀನು ಫೋನ್ ಎತ್ತುವವಳಲ್ಲ. ಅದಕ್ಕೇ ಇವರ ಕೈಲಿ ಈ ಪತ್ರವನ್ನು ಷೆಡ್ಡಿಗೆ ಕಳಿಸುತ್ತಿದ್ದೇನೆ. ನನ್ನ ಸೀಟನ್ನು ನಿನ್ನ ಮೆಕ್ಯಾನಿಕ್‌ಗೆ ಕೊಟ್ಟುಬಿಡಬೇಡ, ಅವನಿಗೆ ಎಡ ಯಾವುದು ಬಲ ಯಾವುದು ಎಂದು ಯೋಚಿಸಬೇಕು. ನಿನ್ನ ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡೇ.

ನಿದ್ದೆಗೆಟ್ಟ ನಿನ್ನ ತಂಗಿ