ಅವ್ವನ ಬುತ್ತಿ

೧೬-೧೧-೨೦೦೬, ಗುರುವಾರ

ಬರೆದುಕೊಂಡು ಹೋದ ಆಕ್ಷೇಪಣೆ ಇನ್ನೂ ಅಂಗಿಯ ಜೇಬಿನಲ್ಲೇ ಇದೆ.

ಊರಿನ ಪಕ್ಕ ಅದಿರಿನ ಕ್ರಷರ್ ಹಾಕುವ ಬಗ್ಗೆ ಇವತ್ತು ಪಂಚಾಯಿತಿ ಮುಂದೆ ಅಹವಾಲು ಸಭೆ ಇತ್ತು. ಶುರುವಾಗುವ ಮೊದಲೇ ಕಂಪನಿಯವರು ಎಲ್ಲರಿಗೂ ಉಪ್ಪಿಟ್ಟು ಹಂಚಿದರು. ತಿಂದೆವು. ಅಲ್ಲಿಗೆ ಮುಗಿಯಿತು. ಯಾರಿಗಾದರೂ ತಕರಾರಿದೆಯೇ ಎಂದು ಅಧಿಕಾರಿ ಎರಡು ಸಲ ಕೇಳಿದರೂ, ಅವರ ಉಪ್ಪು ತಿಂದ ಊರು ತಲೆ ತಗ್ಗಿಸಿ ಕೂತಿತು. ಮೇಷ್ಟ್ರಾದ ನಾನೂ ಕೂತೆ.

ಎದ್ದವಳು ಅವ್ವ ಒಬ್ಬಳೇ. ಕೈಯಲ್ಲಿದ್ದ ರೊಟ್ಟಿ ಗಂಟನ್ನು ಎತ್ತಿ ತೋರಿಸಿದಳು.

"ನಾ ನಿಮ್ಮದು ತಿಂದಿಲ್ರಿ ಸಾಹೇಬ್ರ, ಬುತ್ತಿ ತಂದೀನಿ. ಅದಕ್ಕ ಹೇಳತೀನಿ. ಲಾರಿ ಧೂಳಿಗೇ ನಮ್ಮ ಹತ್ತಿ ಕೆಂಪಗಾಗೈತಿ. ಕ್ರಷರ್ ಬ್ಯಾಡ. ಬರಕೊಳ್ರಿ."

ಬರೆದುಕೊಂಡರು. ಹೆಸರು ಕೇಳಿದಾಗ ಎರ್ರಿಯಪ್ಪ ಮೇಷ್ಟ್ರ ತಾಯಿ ಎನ್ನಲಿಲ್ಲ, ಜಂಬವ್ವ ಎಂದಳು. ಸಭೆಯ ನಡಾವಳಿಯಲ್ಲಿ ನಮ್ಮೂರಿನದು ಅದೊಂದೇ ಹೆಸರು.

ಸೈಕಲ್ ಮೇಲೆ ಅವಳನ್ನು ಕೂರಿಸಿಕೊಂಡು ಸುತ್ತಿನ ದಾರಿ ಹಿಡಿದೆ, ಊರೆಲ್ಲ ನೋಡಲಿ ಎಂದು.

ಊಟಕ್ಕೆ ಕೂತಾಗ ಅದೇ ಗಂಟಿನಲ್ಲಿ ಉಳಿದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.

"ಉಣ್ಣಪ್ಪ. ಮುಂದಿನ ಸಭಿಗೆ ನಿನಗೂ ಕಟ್ಟಿ ಕೊಡತೀನಿ."