ಮೈ ಬೇರೆ, ಸೆರಗು ಬೇರೆ

ಗಜೇಂದ್ರಗಡದ ಮನೆಯ ಹಿರಿಯರಾದ ನನ್ನ ಅತ್ತೆಯವರಿಗೆ, ನಿಮ್ಮ ಬಾಯಾಳಿ ಸೊಸೆಯ ನಮಸ್ಕಾರ.

ಮೊನ್ನೆ ನಿಮ್ಮ ಮೊಮ್ಮಗಳು ವಿಜಯಾ ಬಂದಿದ್ದಳು. ನಿಮ್ಮ ಮಗಳು ಗಂಗವ್ವನ ಹಿರಿಯ ಮಗಳು. ನೀವು ಅವಳನ್ನು ನೋಡಲೇ ಇಲ್ಲ, ಈಗ ಅವಳ ತಲೆಯಲ್ಲೂ ಬಿಳಿ ಕೂದಲು. ನರೇಗಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕಂಪ್ಯೂಟರ್ ಅಂದರೆ... ನಿಮಗೆ ಹೇಗೆ ಹೇಳಲಿ? ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡುವ ಯಂತ್ರ. ನನ್ನ ಹಾಗೆ ಎದುರು ಮಾತಾಡುವುದಿಲ್ಲ. ಅದು ಮಾಡಬೇಕಾದದ್ದನ್ನು ಸಾಲುಸಾಲಾಗಿ ಬರೆದಿಟ್ಟರೆ ಅದಕ್ಕೆ ಪ್ರೋಗ್ರಾಂ ಅನ್ನುತ್ತಾರೆ. ಅವಳ ಹುಡುಗರಿಗೆ ಒಂದು ಪಾಠ ತಲೆಗೆ ಹತ್ತುತ್ತಿಲ್ಲವಂತೆ. "ಮಾಮಿ, ನಿನಗ ತಿಳೀತಂದ್ರ ಅವರಿಗೂ ತಿಳೀತದ," ಅಂದಳು. ನನಗೆ ಸಿಕ್ಕ ಮರ್ಯಾದೆ ನೋಡಿ.

ಚಹಾ ಕುಡಿಯುತ್ತಾ ಅವಳು ಹೇಳಿದ್ದು ಇಷ್ಟು. ಪ್ರೋಗ್ರಾಮಿಗೆ ಬೇಕಾದದ್ದೆಲ್ಲ ಅದರೊಳಗೇ ಇರುವುದಿಲ್ಲ. ಅಕ್ಷರ ಮೂಡಿಸುವುದು, ಲೆಕ್ಕ ಮಾಡುವುದು, ಇಂಥ ಎಲ್ಲರಿಗೂ ಬೇಕಾಗುವ ಕೆಲಸಗಳನ್ನು ಬೇರೆ ಮಾಡಿಟ್ಟಿರುತ್ತಾರೆ, ಅದಕ್ಕೆ ಲೈಬ್ರರಿ ಎಂದು ಹೆಸರು. ಪ್ರೋಗ್ರಾಮಿನಲ್ಲಿ ಇಂಥಿಂಥದು ಬೇಕು ಎಂಬ ಹೆಸರಷ್ಟೇ ಇರುತ್ತದೆ, ಅದು ಎಲ್ಲಿದೆ ಎಂದು ತೋರಿಸುವ ಜಾಗ ಖಾಲಿ. ಶುರು ಮಾಡು ಅಂದ ಕೂಡಲೇ ಮೊದಲು ಏಳುವುದು ಡೈನಮಿಕ್ ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಂ, ಕೊಂಡಿ ಹಾಕುವುದೇ ಅದರ ಕೆಲಸ. ಅದು ಆ ಹೆಸರುಗಳನ್ನು ಓದುತ್ತದೆ, ಗೊತ್ತಿರುವ ಕಡೆಗಳಲ್ಲಿ ಹುಡುಕುತ್ತದೆ, ಸಿಕ್ಕಿದ್ದನ್ನು ಯಂತ್ರದ ನೆನಪಿನಲ್ಲಿ ಎಲ್ಲಿ ತೆರವಿದೆಯೋ ಅಲ್ಲಿ ತಂದು ಕೂಡಿಸುತ್ತದೆ. ತಂದದ್ದಕ್ಕೆ ಇನ್ನೇನಾದರೂ ಬೇಕಿದ್ದರೆ ಅದನ್ನೂ ತರುತ್ತದೆ. ಆಮೇಲೆ ಖಾಲಿ ಬಿಟ್ಟಲ್ಲೆಲ್ಲ ವಿಳಾಸ ತುಂಬಿ ಪಕ್ಕಕ್ಕೆ ಸರಿಯುತ್ತದೆ. ಆಗ ಪ್ರೋಗ್ರಾಂ ಓಡುತ್ತದೆ. ನಾನು ನಕ್ಕುಬಿಟ್ಟೆ. "ಇದು ನಮ್ಮ ಅತ್ತಿ ಅಲ್ಲೇನ," ಅಂದೆ.

ನರಗುಂದದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ನಿಮ್ಮ ಜೊತೆ ವಾದಕ್ಕೆ ನಿಂತದ್ದು ನೆನಪಿದೆಯೇ? ನಮ್ಮ ಊರು ಮುಂಬೈ ಸರಕಾರ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ. ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಕೆಂಪು ರೇಷ್ಮೆ ಸೆರಗಿಗೆ ಬೇರೆ ಹಾಸು. ನಿಮ್ಮ ಮಗ ಮಗ್ಗದ ಕುಣಿಗೆ ಇಳಿಯುವ ಮೊದಲು ನೀವು ಬಂದು ಮೈಯ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯ ಕೊಂಡಿ ಹಾಕುತ್ತಿದ್ದಿರಿ. ಅಲ್ಲಿಯವರೆಗೆ ಅವರು ಸುಮ್ಮನೆ ಕೂತಿರಬೇಕು. ನನಗೆ ಅದು ದಡ್ಡತನ ಅನಿಸಿತ್ತು.

"ಅತ್ತಿ, ಎರಡೂ ಮೊದಲ ಕೂಡಿಸಿ ಇಟ್ರ ಲಗೂ ಆಗ್ತದಲ್ರಿ?"

"ಲಗೂ ಆಗ್ತದ, ಖರೇ. ನಾಳೆ ಸೆರಗಿನಾಗ ಐಬ ಬಂತಂದ್ರ, ಮೈ ಏನ್ ಪಾಪ ಮಾಡಿತ್ತವ್ವಾ? ಬ್ಯಾರೆ ಇರ್ಲಿ. ಕೂಡೋದು ಮಗ್ಗಕ್ಕ ಕೂತಾಗ ಆಗ್ಲಿ."

ಮೊನ್ನೆ ನನ್ನ ಬಾಯಿಂದ ಈ ಮಾತು ಕೇಳಿ ವಿಜಯಾ ಚಪ್ಪಾಳೆ ತಟ್ಟಿದಳು. ಎಲ್ಲವನ್ನೂ ಮೊದಲೇ ಒಂದರೊಳಗೆ ಹೊಲಿದಿಡುವ ಪದ್ಧತಿಯೂ ಅವರಲ್ಲಿ ಇದೆಯಂತೆ. ಶುರುವಾಗುವುದು ಬೇಗ, ಆದರೆ ಲೈಬ್ರರಿಯಲ್ಲಿ ತಪ್ಪು ಸಿಕ್ಕರೆ ಅದನ್ನು ಹೊಲಿದುಕೊಂಡ ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಕಟ್ಟಬೇಕು. ಬೇರೆ ಇಟ್ಟರೆ ಆ ಒಂದನ್ನೇ ಬದಲಿಸಿದರೆ ಸಾಕು. ಆದರೆ ಒಂದು ಕಡೆ ನಿಮ್ಮ ದಾರಿ ಬೇರೆ, ಯಂತ್ರದ ದಾರಿ ಬೇರೆ. ಅಲ್ಲಿ ಸೆರಗು ಒಂದೇ ಇದ್ದು ಹತ್ತು ಸೀರೆ ಏಕಕಾಲಕ್ಕೆ ಅದನ್ನೇ ಉಡುತ್ತವಂತೆ! ಯಾರೂ ಅದರ ಮೇಲೆ ಗೀಚುವಂತಿಲ್ಲ, ತಮ್ಮತಮ್ಮ ಬರವಣಿಗೆಗೆ ತಮ್ಮತಮ್ಮ ಜಾಗ. ಇನ್ನೊಂದು ಕೇಳಿ. ಕೆಲವು ವಿಳಾಸಗಳನ್ನು ಆ ಲಿಂಕರ್ ಶುರುವಿನಲ್ಲೇ ತುಂಬದೆ, ಮೊದಲ ಸಲ ಬೇಕಾದಾಗ ಮಾತ್ರ ತುಂಬಿ, ಆಮೇಲೆ ಮತ್ತೆ ಹುಡುಕದೆ ಅವನ್ನೇ ಬಳಸುತ್ತದೆ. ಹಾಗೆ ಅರ್ಧ ಕೊಂಡಿ ಹಾಕಿ ನಾನು ಎದ್ದಿದ್ದರೆ ನೀವು ಬಿಡುತ್ತಿದ್ದಿರಾ?

ಗಂಗವ್ವನ ಲಗ್ನ ಸವಡಿ ಊರಿನವರ ಜೊತೆ ಗೊತ್ತಾದ ದಿನ ನೀವೇ ಕೂತು ಅವಳ ಸೀರೆಯ ಹಾಸು ಹೂಡಿದಿರಿ. ಮೈ ಮಗ್ಗಕ್ಕೆ ಏರಿತು. ಸೆರಗಿನ ರೇಷ್ಮೆ ಬಣ್ಣಗಾರರ ಮನೆಯಿಂದ ಬರುವುದಿತ್ತು. ಅಷ್ಟರಲ್ಲಿ ನಿಮಗೆ ಜ್ವರ ಬಂತು, ದವಾಖಾನೆ ಆಯಿತು, ನೀವು ಹೊರಟೇಬಿಟ್ಟಿರಿ. ಲಗ್ನ ನಿಲ್ಲಿಸಬಾರದೆಂದು ಹಿರಿಯರು ಹೇಳಿದರು. ಗಂಗವ್ವ ಮಾತ್ರ ಒಂದೇ ಹಟ ಹಿಡಿದಳು. "ಅವ್ವ ಹೂಡಿದ ಸೀರಿ ಉಟ್ಕೊಂಡ ನಿಂದ್ರತೀನಿ. ಬ್ಯಾರೆ ಸೀರಿ ತರಬ್ಯಾಡ್ರಿ." ಮಗ್ಗದ ಮೇಲೆ ಕೊಂಡಿ ಬಾಯಿ ತೆರೆದು ಕೂತ ಹಾಸು. ಅದಕ್ಕೆ ಕೈ ಹಚ್ಚಬೇಕಾದವಳು ನಾನು. ನೀವು ಇರುವವರೆಗೆ ನನ್ನ ಕೈಗೆ ಆ ಕೆಲಸ ಒಮ್ಮೆಯೂ ಕೊಟ್ಟಿರಲಿಲ್ಲ. ಭಯವಾಗಿತ್ತು, ಅತ್ತೆಯವರೇ, ಸುಳ್ಳು ಯಾಕೆ ಹೇಳಲಿ.

ರೇಷ್ಮೆ ಬಂದ ಮುಂಜಾನೆ ನೀವು ಮಾಡುತ್ತಿದ್ದಂತೆ ಬಿಳಿ ಅರಿವೆ ತೋಯಿಸಿ ಎಳೆಗೆ ಉಜ್ಜಿದೆ. ಅರಿವೆ ಕೆಂಪಾಯಿತು, ಬಣ್ಣ ಗಟ್ಟಿ ಇರಲಿಲ್ಲ. ನಿಮ್ಮ ಮಗ ಅದನ್ನು ನೋಡಿದರು.

"ಇಷ್ಟಕ್ಕ ಯಾರ್ ನೋಡ್ತಾರ? ಲಗ್ನ ಬಾಗಲಿಗಿ ಬಂದದ. ಹಾಕಿಬಿಡು."

"ನಿಮ್ಮವ್ವ ಇದ್ದಿದ್ರ ಹಾಕ್ತಿದ್ರೇನ್ರಿ?"

ಅವರು ರೇಷ್ಮೆ ಬಗಲಲ್ಲಿಟ್ಟುಕೊಂಡು ಬಣ್ಣಗಾರರ ಮನೆಗೆ ಹೋದರು. ಬೇರೆ ರೇಷ್ಮೆ ಬರುವವರೆಗೆ ಮಗ್ಗ ಸುಮ್ಮನಿತ್ತು, ಆದರೆ ನೀವು ಹೂಡಿದ ಮೈಯ ಒಂದು ಎಳೆಯನ್ನೂ ಕದಲಿಸಬೇಕಾಗಲಿಲ್ಲ. ಮೊದಲೇ ಕೂಡಿಸಿಟ್ಟಿದ್ದರೆ... ಬೇಡ, ಅದನ್ನು ಬರೆಯುವುದೇ ಬೇಡ. ಅವತ್ತು ನಿಮ್ಮ ಜೊತೆಗಿನ ವಾದದಲ್ಲಿ ನಾನು ಸೋತೆ, ಸೋತದ್ದಕ್ಕೆ ಸಂತೋಷಪಟ್ಟೆ. ಹೊಸ ರೇಷ್ಮೆ ಅರಿವೆಗೆ ಬಣ್ಣ ಬಿಡಲಿಲ್ಲ. ಗಂಗವ್ವ ಪಕ್ಕದಲ್ಲಿ ಕೂತು ಎಳೆ ಬಿಡಿಸಿ ಕೊಡುತ್ತಾ ಹೋದಳು, ನಾನು ಕೊಂಡಿ ಹಾಕುತ್ತಾ ಹೋದೆ. ಒಂದು ತಪ್ಪಿದರೂ ನಿಮ್ಮ ಕೆಮ್ಮು ಕೇಳುತ್ತದೆ ಅನಿಸುತ್ತಿತ್ತು.

ಸವಡಿಯಲ್ಲಿ ಅಕ್ಕಿಕಾಳು ಬಿದ್ದು ಮುಗಿಯುವಷ್ಟರಲ್ಲಿ ಅಡ್ಡಮಳೆ ಹೊಡೆಯಿತು. ಹಂದರದೊಳಗೆ ಎಲ್ಲರೂ ತೊಯ್ದರು. ನಾನು ಮದುಮಕ್ಕಳ ಮುಖ ನೋಡಲಿಲ್ಲ, ಮೈಗೆ ಸೆರಗು ಕೂಡುವ ಗೆರೆಯನ್ನೇ ನೋಡುತ್ತಾ ನಿಂತೆ. ಕೆಂಪು ತನ್ನ ಜಾಗ ಬಿಟ್ಟು ಕದಲಲಿಲ್ಲ. ಒಳಗೆ ಹೋದ ಮೇಲೆ ಆ ಊರಿನ ನೇಕಾರ ಮನೆತನದ ಹೆಂಗಸರು ಗಂಗವ್ವನ ಸುತ್ತ ಸೇರಿ ಸೆರಗು ತಿರುವಿ ತಿರುವಿ ನೋಡಿದರು. ಅವರಲ್ಲಿ ಹಿರಿಯಳು ಕೇಳಿದಳು, "ಕೊಂಡಿ ಭಾಳ ಚಲೋ ಬಿದ್ದಾವ. ಯಾರ್ ಹಾಕ್ಯಾರವ್ವಾ?"

ಗಂಗವ್ವ ತಡಮಾಡಲಿಲ್ಲ. "ನಮ್ಮವ್ವ," ಅಂದಳು. ಆಮೇಲೆ ನನ್ನ ಕಡೆ ನೋಡಿದಳು.

"ಹೌದ್ರಿ," ಅಂದೆ ನಾನು, "ನಮ್ಮತ್ತಿ ಹಾಕಿದ್ದು."

ಅವರು ನಂಬಿದರು, ಅತ್ತೆಯವರೇ.

ನಿಮ್ಮ ಸೊಸೆ